ಎಂಟು ಬೆಳಗಿನ ಅಂಬವ್ವ

ಸುಂದರಾಬಾಯಿಯವರು ಹಾಸಿಗೆಯಿಂದ ಏಳುವಾಗ ಎಡಗಾಲನ್ನು ಮೊದಲು ನೆಲಕ್ಕೆ ಊರುತ್ತಾರೆ. ಎಡಗೈ ಗೋಡೆಯನ್ನು ಹುಡುಕುತ್ತದೆ. ಗೋಡೆ ಸಿಕ್ಕ ಮೇಲೆ ಬಲಗಾಲು. ಅಲ್ಲಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಏಳನೆಯ ಹೆಜ್ಜೆಗೆ ತುಸು ನಿಂತು ಕಾಲನ್ನು ಎತ್ತಿ ಇಡುತ್ತಾರೆ. ಅಲ್ಲಿ ಹಿಂದೆ ಒಂದು ಹೊಸ್ತಿಲಿತ್ತಂತೆ, ಮನೆ ರಿಪೇರಿ ಮಾಡಿಸುವಾಗ ತೆಗೆಸಿ ಇಪ್ಪತ್ತು ವರ್ಷವಾಯಿತು. ಕಾಲು ಮಾತ್ರ ಇನ್ನೂ ಅದನ್ನು ದಾಟುತ್ತದೆ.

ಇದನ್ನು ನಾನು ಕಂಡು ಬರೆಯುತ್ತಿಲ್ಲ, ಅಂಬವ್ವ ಕಂಡು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ. ಹೈದರಾಬಾದಿನ ನಾರಾಯಣಗೂಡದ ಈ ಹಳೆಯ ಮನೆಯ ಪಡಸಾಲೆಯಲ್ಲಿ ಬೆಳಗಿನ ನಾಲ್ಕೂವರೆಗೆ ನನ್ನ ಕಣ್ಣಿಗೆ ಕಾಣುವುದು ಬರೀ ಮಬ್ಬು. ಎಂಟು ಗಂಟೆಗೆ ಮುಂಚೆ ಏಳುವ ಅಭ್ಯಾಸ ನನಗಿಲ್ಲ. ದೇವರ ಮನೆಯ ಸಣ್ಣ ಬಲ್ಬಿನ ಬೆಳಕು ನೆಲದ ಶಹಾಬಾದಿ ಕಲ್ಲಿನ ಮೇಲೆ ಬಿದ್ದಿದೆ. ಗೋಡೆಗೆ ಒರಗಿ, ಮೊಣಕಾಲು ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ ಅಂಬವ್ವ ಕೂತಿದ್ದಾರೆ. ನಿದ್ದೆ ಮಾಡುತ್ತಿದ್ದಾರೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರ ತುಟಿ ಅಲ್ಲಾಡುತ್ತದೆ. ಹೆಜ್ಜೆ ಎಣಿಸುತ್ತಿದ್ದಾರೆ.

“ನಾ ಏನೂ ಮಾಡಂಗಿಲ್ರಿ, ಸುಮ್ನ ಕುಂದರತೀನಿ,” ಎನ್ನುತ್ತಾರೆ ಪಿಸುದನಿಯಲ್ಲಿ. “ಬಾಯಿಗೆ ಮರವು ಬರತೈತಿ. ಕಾಲಿಗೆ ಬರಂಗಿಲ್ಲ. ಅದು ಏನ ಹೇಳತೈತಿ ಕೇಳತೀನಿ.”

ಅಂಬವ್ವನವರಿಗೆ ಐವತ್ತೆಂಟು ವರ್ಷ. ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ ಹನ್ನೊಂದು ಮಂಚಗಳ ಒಂದು ನರ್ಸಿಂಗ್ ಹೋಮ್ ಇದೆ. ವಯಸ್ಸಾದವರಿಗಾಗಿಯೇ ಇರುವುದು. ಮನೆಯಲ್ಲಿ ನೋಡಿಕೊಳ್ಳಲಾಗದ ಹಂತಕ್ಕೆ ಬಂದವರನ್ನು ಮನೆಯವರು ಅಲ್ಲಿಗೆ ತಂದು ಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಗಿರಿಜಾಬಾಯಿ ಅದನ್ನು ನಡೆಸುತ್ತಾರೆ. ಅಂಬವ್ವ ಅಲ್ಲಿ ಆಯಾ. ಆದರೆ ಯಾರನ್ನೇ ಆಗಲಿ ಹೊಸದಾಗಿ ತಂದು ಮಂಚಕ್ಕೆ ಹಾಕುವ ಮುನ್ನ ಅಂಬವ್ವ ಅವರ ಮನೆಗೆ ಎಂಟು ಬೆಳಗು ಹೋಗಿ ಕೂರಬೇಕು. ಒಂಬತ್ತನೆಯ ದಿನ ‘ತರ್ರಿ’ ಎನ್ನಬೇಕು, ಇಲ್ಲವೇ ‘ಬ್ಯಾಡ್ರಿ’ ಎನ್ನಬೇಕು. ಇದು ಯಾವ ಕಾಗದದಲ್ಲೂ ಬರೆದಿಲ್ಲದ ನಿಯಮ. ಗಿರಿಜಾಬಾಯಿ ಇದನ್ನು ಇವತ್ತಿನವರೆಗೆ ಮುರಿದಿಲ್ಲ. ಈ ಮನೆ ಅರವತ್ತಮೂರನೆಯದು. ಹಿಂದಿನ ಅರವತ್ತೆರಡರಲ್ಲಿ ಹತ್ತೊಂಬತ್ತು ಮನೆಗಳಿಗೆ ಅಂಬವ್ವ ಬೇಡ ಎಂದಿದ್ದಾರೆ.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದು ಮೂಗು ಮುರಿಯುತ್ತಲೇ. ಹೆತ್ತವರನ್ನು ತಂದು ಬಿಟ್ಟು ಹೋಗುವವರ ಬಗ್ಗೆ ನನಗೊಂದು ಸಿದ್ಧ ಅಭಿಪ್ರಾಯವಿತ್ತು. ಇಂಥವರ ಮುಖವನ್ನು ಹತ್ತಿರದಿಂದ ನೋಡಿ ಪತ್ರಿಕೆಗೆ ಒಂದು ಖಾರವಾದ ಲೇಖನ ಬರೆಯಬೇಕೆಂದು ಹೊರಟವನು, ಪ್ರಫುಲ್ಲಾ ಅವರ ಮುಖ ನೋಡಿದೆ.

ಪ್ರಫುಲ್ಲಾ ಸುಂದರಾಬಾಯಿಯವರ ಸೊಸೆ, ಐವತ್ತೆರಡು ವರ್ಷ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಗಂಡ ಪ್ರಹ್ಲಾದ ಇಲ್ಲೇ ಒಂದು ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಸುಂದರಾಬಾಯಿಯವರಿಗೆ ಎಂಬತ್ತನಾಲ್ಕು. ಮೂರು ವರ್ಷದಿಂದ ಮರೆವು. ಮೊದಲು ಒಲೆಯ ಮೇಲಿನ ಹಾಲು ಮರೆತರು, ಆಮೇಲೆ ಮೊಮ್ಮಗಳ ಹೆಸರು, ಆಮೇಲೆ ಹೈದರಾಬಾದನ್ನೇ ಮರೆತರು. ಈಗ ಅವರು ಇರುವುದು ಕೃಷ್ಣೆಯ ದಂಡೆಯ ತವರೂರಿನಲ್ಲಿ. ವಯಸ್ಸು ಹದಿನಾರೋ ಹದಿನೇಳೋ. ಬೆಳಗಾದರೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ತಾಮ್ರದ ಬಿಂದಿಗೆ ಹಿಡಿದು ದೇವರ ನೀರಿಗೆಂದು ಹೊಳೆಗೆ ಹೊರಡುತ್ತಾರೆ. ಬಾಗಿಲು ತೆರೆದರೆ ಹೊಳೆ ಇಲ್ಲ, ನಾರಾಯಣಗೂಡದ ರಸ್ತೆ ಇದೆ.

ಎರಡು ಸಲ ಹಾಗೆ ಹೋಗಿಬಿಟ್ಟಿದ್ದಾರೆ. ಒಮ್ಮೆ ದೊಡ್ಡ ರಸ್ತೆಯ ನಡುವೆ ಬಸ್ಸಿನ ಮುಂದೆ ಬಿಂದಿಗೆ ಹಿಡಿದು ನಿಂತಿದ್ದರು. ಡ್ರೈವರ್ ಇಳಿದು ಬಂದು ತೆಲುಗಿನಲ್ಲಿ ಬಯ್ಯಲು ಬಾಯಿ ತೆರೆದವನು, ಅವರ ಮುಖ ನೋಡಿ ಕೈಹಿಡಿದು ರಸ್ತೆ ದಾಟಿಸಿದನಂತೆ. ಅಂದಿನಿಂದ ಪ್ರಫುಲ್ಲಾ ಅತ್ತೆಯ ಪಕ್ಕದಲ್ಲೇ ಮಲಗುತ್ತಾರೆ. ಬರೀ ಪಕ್ಕದಲ್ಲಲ್ಲ, ತಮ್ಮ ಸೆರಗಿನ ತುದಿಯನ್ನು ಅತ್ತೆಯ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಾರೆ. ಅವರು ಎದ್ದರೆ ಇವರಿಗೆ ಎಚ್ಚರವಾಗಬೇಕು. ಹೀಗೆ ಏಳು ತಿಂಗಳು. ಕಳೆದ ತಿಂಗಳು ಕಚೇರಿಯಲ್ಲಿ ಫೈಲು ಹಿಡಿದುಕೊಂಡೇ ತಲೆಸುತ್ತಿ ಬಿದ್ದರು. ಡಾಕ್ಟರು ರಕ್ತದೊತ್ತಡ ನೋಡಿ, ಸರಿಯಾಗಿ ನಿದ್ದೆ ಮಾಡದಿದ್ದರೆ ಮನೆಯಲ್ಲಿ ಇಬ್ಬರು ಹಾಸಿಗೆ ಹಿಡಿಯುತ್ತೀರಿ ಎಂದು ಹೇಳಿ ಕಳಿಸಿದ್ದಾರೆ.

“ಅತ್ಯಾರು ನನಗ ಒಂದು ದಿನಾನೂ ಕೆಟ್ಟ ಮಾತು ಆಡಿಲ್ರಿ,” ಎನ್ನುತ್ತಾರೆ ಪ್ರಫುಲ್ಲಾ, ಕಾಫಿ ಸೋಸುತ್ತ. “ಅದಕ್ಕ ಭಾಳ ತ್ರಾಸಾಗ್ಲಿಕತ್ತದ. ಜಗಳಾಡೋ ಅತ್ತಿ ಇದ್ದಿದ್ರ ಕಳಸೂದು ಸರಳ ಇತ್ತು.”

ಪ್ರಹ್ಲಾದ ಅವರು ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. ತಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಹೀಗೆ ಮಾಡಿಲ್ಲ ಎಂಬ ಒಂದೇ ಮಾತನ್ನು ದಿನಕ್ಕೊಮ್ಮೆ ಹೇಳಿ ಕಾಲೇಜಿಗೆ ಹೋಗುತ್ತಾರೆ. ಹಾಗಾಗಿ ಇಡೀ ತೀರ್ಮಾನ ಈಗ ಮೂಲೆಯಲ್ಲಿ ಕೂತು ಹೆಜ್ಜೆ ಎಣಿಸುವ ಅಂಬವ್ವನವರ ಮೇಲೆ ಬಂದು ನಿಂತಿದೆ.

ಈ ಎಂಟು ಬೆಳಗಿನ ಪದ್ಧತಿ ಶುರುವಾದದ್ದು ಒಂದು ತಪ್ಪಿನಿಂದ. ಹದಿನಾಲ್ಕು ವರ್ಷದ ಹಿಂದಿನ ಮಾತು. ಕೋಠಿ ಪೇಟೆಯಲ್ಲಿ ಪುಸ್ತಕದಂಗಡಿ ಇಟ್ಟಿದ್ದ ದತ್ತಾತ್ರೇಯ ರಾಯರೆಂಬ ಹಿರಿಯರನ್ನು ಹೋಮಿಗೆ ತಂದರು. ಕಿಟಕಿಯ ಗಾಳಿ ಬರಲಿ ಎಂದು ಅಂಬವ್ವ ಒಳ್ಳೆಯ ಮನಸ್ಸಿನಿಂದಲೇ ಅವರ ಮಂಚವನ್ನು ತಿರುಗಿಸಿ ಹಾಕಿದರು. ಮನೆಯಲ್ಲಿ ರಾಯರು ಎದ್ದರೆ ಬಾಗಿಲು ಎಡಕ್ಕಿತ್ತು, ಇಲ್ಲಿ ಬಲಕ್ಕಾಯಿತು. ಮೊದಲನೆಯ ಬೆಳಗ್ಗೆ ರಾಯರು ಎದ್ದು, ಐವತ್ತು ವರ್ಷ ನಡೆದ ಹಾದಿಯಲ್ಲೇ ನಡೆದು, ನೇರವಾಗಿ ಕಬ್ಬಿಣದ ಕಪಾಟಿಗೆ ಹಾಯ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಅವರು ನಡೆಯಲಿಲ್ಲ.

“ಅವರ ಕಾಲಿಗೆ ಹಾದಿ ಗೊತ್ತಿತ್ರಿ. ನಾ ಹಾದಿ ತಿರುವಿ ಇಟ್ಟೆ,” ಎನ್ನುತ್ತಾರೆ ಅಂಬವ್ವ. “ಮಂದಿ ರಾಯರು ಬಿದ್ರು ಅಂತಾರ. ಅವರು ಬಿದ್ದಿಲ್ಲ, ನಾ ಕೆಡವಿದೆ.” ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ.

ಶೋರಾಪುರ ಕಡೆಯ ಹಳ್ಳಿಯವರು ಅಂಬವ್ವ. ಇಪ್ಪತ್ತೆಂಟು ವರ್ಷದ ಹಿಂದೆ, ಸಾವಿರದ ಒಂಬೈನೂರ ಎಪ್ಪತ್ತರಲ್ಲಿ, ಕಲ್ಲುಕೆಲಸದ ಗಂಡ ಬಂಡೆಪ್ಪನ ಹಿಂದೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬಂದರು. ಊರು ಆಗ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿತ್ತು. ಆರನೆಯ ವರ್ಷ ಒಂದು ಕಟ್ಟಡದ ಅಟ್ಟಣಿಗೆ ಕುಸಿದು ಬಂಡೆಪ್ಪ ತೀರಿಕೊಂಡರು. ಅಂಬವ್ವ ಆಸ್ಪತ್ರೆಗಳಲ್ಲಿ ಕಸ ಗುಡಿಸಿದರು, ತೆಲುಗು ಕಲಿತರು, ಹಿಂದಿ ಕಲಿತರು, ಗಿರಿಜಾಬಾಯಿಯವರ ಕಣ್ಣಿಗೆ ಬಿದ್ದು ಆಯಾ ಆದರು. ಮಕ್ಕಳಿಬ್ಬರ ಮದುವೆ ಮಾಡಿದ್ದಾರೆ. ಈಗ ಹೋಮಿನ ವರಾಂಡದಲ್ಲೇ ವಾಸ. ದಿನಕ್ಕೆ ಇಪ್ಪತ್ತೆರಡು ಚಾದರ ಬದಲಿಸುತ್ತಾರೆ. ಏಳಲಾರದ ನಾಲ್ವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುತ್ತಾರೆ. ನೀರು ಕುಡಿಯಲು ಒಲ್ಲೆ ಎನ್ನುವ ಏಳು ಮಂದಿಗೆ ಪುಸಲಾಯಿಸಿ ಕುಡಿಸುತ್ತಾರೆ. ಇದರ ನಡುವೆ ಇಂಥ ಬೆಳಗುಗಳು.

ಮೂರನೆಯ ಬೆಳಗಿನ ಹೊತ್ತಿಗೆ ಈ ಮನೆಯಲ್ಲಿ ಎರಡು ಬದಲಾವಣೆ ಆಗಿವೆ. ಅಂಬವ್ವನವರನ್ನು ‘ನೀ’ ಎನ್ನುತ್ತಿದ್ದ ಪ್ರಫುಲ್ಲಾ ತಮಗೇ ತಿಳಿಯದಂತೆ ‘ನೀವು’ ಎನ್ನತೊಡಗಿದ್ದಾರೆ. ಸುಂದರಾಬಾಯಿಯವರು ಅಂಬವ್ವನವರಿಗೆ ‘ನೀಲಾ’ ಎಂದು ಹೆಸರಿಟ್ಟಿದ್ದಾರೆ. ನೀಲಾ ಎಂದರೆ ಅವರ ತವರೂರಿನಲ್ಲಿ ಹರಗೋಲು ಹಾಕುತ್ತಿದ್ದವನ ಮಗಳು. ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ದಿನಾ ಮಾತಾಡುತ್ತಿದ್ದರಂತೆ, ಮಡಿಯ ಕಾರಣಕ್ಕೆ ನಾಲ್ಕು ಮೆಟ್ಟಿಲು ಅಂತರದಲ್ಲಿ. ಆ ಅಂತರ ಈಗ ಅಂಬವ್ವನವರ ಪಾಲಿಗೆ ಬಂದಿದೆ. ಮಡಿ ಸೀರೆಯನ್ನು ಯಾರೂ ಮುಟ್ಟುವಂತಿಲ್ಲ. ಅದು ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳುವಿನ ಮೇಲೆ ಒಣಗುತ್ತದೆ, ಉದ್ದನೆಯ ಕೋಲಿನಿಂದ ಸುಂದರಾಬಾಯಿಯವರೇ ತೆಗೆದುಕೊಳ್ಳುತ್ತಾರೆ. ಎಲ್ಲವನ್ನೂ ಮರೆತ ಕೈ ಆ ಕೋಲನ್ನು ಮಾತ್ರ ಒಂದು ಸಲವೂ ತಪ್ಪಿಸುವುದಿಲ್ಲ.

ದೂರ ನಿಲ್ಲು ಎಂದರೆ ಬೇಸರವಾಗುವುದಿಲ್ಲವೇ ಎಂದು ಅಂಬವ್ವನವರನ್ನು ಕೇಳುತ್ತೇನೆ. “ಆಗಂಗಿಲ್ಲ ಅಂದ್ರ ಸುಳ್ಳಾಕೈತ್ರಿ. ಆದ್ರ ಆಯಿ ನನ್ನ ಕೈ ಗಟ್ಟಿ ಹಿಡಕೊಂಡು ‘ದೂರ ನಿಲ್ಲ ನೀಲಾ’ ಅಂತಾರ. ನಾ ಯಾವುದು ಕೇಳಲಿ? ಕೈ ಹೇಳಿದ್ದ ಕೇಳತೀನಿ.”

ದಿನಗಳು ಒಂದರ ಹಿಂದೆ ಒಂದು ಮಂಜಿನಲ್ಲಿ ನಡೆದಂತೆ ಹೋಗುತ್ತವೆ. ಎದ್ದೇಳುವುದು, ಹನ್ನೊಂದು ಹೆಜ್ಜೆ, ನೀರಿನ ಸದ್ದು, ಕೋಲು, ಸೀರೆ, ಬಿಂದಿಗೆ, ಮುಚ್ಚಿದ ಬಾಗಿಲು. ಬಾಗಿಲ ಮುಂದೆ ಸುಂದರಾಬಾಯಿಯವರು ಕಾಯುತ್ತಾರೆ, ತಳ್ಳುತ್ತಾರೆ, ಕೊನೆಗೆ ಸಣ್ಣ ಹುಡುಗಿಯ ಹಾಗೆ ಅಳುತ್ತಾರೆ. ಅವರ ಬೆನ್ನ ಹಿಂದೆ ಪ್ರಫುಲ್ಲಾ ನಿಂತಿರುತ್ತಾರೆ, ಮುಷ್ಟಿಯಲ್ಲಿ ಬೀಗದ ಕೈ. ಆ ಹತ್ತು ನಿಮಿಷ ನನಗೂ ಅಲ್ಲಿ ನಿಲ್ಲಲಾಗುವುದಿಲ್ಲ.

ಏಳನೆಯ ಬೆಳಗ್ಗೆ ಅಂಬವ್ವ ಬೀಗ ತೆಗೆಯಿರಿ ಎನ್ನುತ್ತಾರೆ. ಪ್ರಹ್ಲಾದ ಗಾಬರಿಯಾಗುತ್ತಾರೆ. ಅಂಬವ್ವ ತಾವೇ ನಿಂತು ತೆಗೆಸುತ್ತಾರೆ.

ಸುಂದರಾಬಾಯಿಯವರು ಹೊರಗೆ ಕಾಲಿಡುತ್ತಾರೆ. ಗಲ್ಲಿ ಇನ್ನೂ ಪೂರ್ತಿ ಎಚ್ಚರಗೊಂಡಿಲ್ಲ. ಕೋಚಿಂಗ್ ಸೆಂಟರುಗಳ ಬೋರ್ಡುಗಳು ಕತ್ತಲಲ್ಲಿ ಮುಖವಿಲ್ಲದೆ ನಿಂತಿವೆ, ಹಾಲಿನ ಕ್ರೇಟುಗಳು ಮೂಲೆಯಲ್ಲಿ ಬಂದು ಇಳಿದಿವೆ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಆ ಅಜ್ಜಿ ನಡೆಯುವ ಚೆಂದಕ್ಕೆ ನನಗೆ ಒಂದು ಗಳಿಗೆ ನಾವೆಲ್ಲಿದ್ದೇವೆ ಎಂಬುದೇ ಮರೆಯುತ್ತದೆ. ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ಅಂಬವ್ವ, ಅವರ ಹಿಂದೆ ಮಗ, ಸೊಸೆ, ಕೊನೆಗೆ ನಾನು. ಬಲಕ್ಕೆ ತಿರುಗಿದರೆ ಗಲ್ಲಿಯ ನಲ್ಲಿ. ಅಂದು ನೀರು ಬರುವ ದಿನ, ನಲ್ಲಿ ಸೋರಿ ಕಲ್ಲುಚಪ್ಪಡಿಯ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿದೆ. ಸುಂದರಾಬಾಯಿಯವರು ಅದರಲ್ಲಿ ಇಳಿದು ನಿಲ್ಲುತ್ತಾರೆ. ಏನೋ ಮಂತ್ರ ಹೇಳಿಕೊಳ್ಳುತ್ತಾರೆ. ಬಿಂದಿಗೆಯಲ್ಲಿ ಎರಡು ಬೊಗಸೆ ನೀರು ತುಂಬುತ್ತಾರೆ. ಆಮೇಲೆ ತಾವಾಗಿಯೇ ತಿರುಗಿ, ಬಂದ ಹಾದಿಯಲ್ಲೇ ಮನೆಗೆ ನಡೆದು ಬರುತ್ತಾರೆ.

ಪ್ರಹ್ಲಾದ ಅವರು ಗಲ್ಲಿಯ ನಡುವೆ ನಿಂತುಬಿಡುತ್ತಾರೆ. ಇಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ತಾಯಿ ಕಳೆದುಹೋದ ಎರಡೂ ದಿನ ನೀರು ಬರದ ದಿನಗಳೇ ಎಂಬುದು ಅವರಿಗೆ ಈಗ ಹೊಳೆಯುತ್ತದೆ. ಅಮ್ಮ ಓಡಿಹೋಗುತ್ತಿಲ್ಲ, ನೀರು ಸಿಗುವವರೆಗೆ ಹುಡುಕುತ್ತಿದ್ದಾರೆ. ಲೆಕ್ಕ ಬಿಡಿಸಿದ ಮೇಷ್ಟರ ಉತ್ಸಾಹದಲ್ಲಿ ಅವರು ಮನೆಗೆ ಬಂದು, ಹಾಗಾದರೆ ಎಲ್ಲಿಗೂ ಕಳಿಸುವುದೇ ಬೇಡ, ಬಾಗಿಲೊಳಗೆ ಒಂದು ದೊಡ್ಡ ಟಬ್ಬಿನಲ್ಲಿ ನೀರು ಇಟ್ಟರಾಯಿತು ಎನ್ನುತ್ತಾರೆ. ನಾನೂ ಸಂತೋಷಪಡುತ್ತೇನೆ. ಪ್ರಫುಲ್ಲಾ ಹೌದೆಂಬಂತೆ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಅವರು ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ನಿಂತದ್ದನ್ನು ಅಂಬವ್ವ ನೋಡುತ್ತಾರೆ.

ಎಂಟನೆಯ ಬೆಳಗು ಟಬ್ಬು ಸಿದ್ಧವಾಗಿದೆ. ನೀಲಿ ಪ್ಲಾಸ್ಟಿಕ್ಕಿನದು. ಸುಂದರಾಬಾಯಿಯವರು ಬಿಂದಿಗೆ ಹಿಡಿದು ಬಂದು ಅದನ್ನು ಬಗ್ಗಿ ನೋಡುತ್ತಾರೆ. “ನೀಲಾ, ಈ ಬಚ್ಚಲದ ನೀರು ದೇವರಿಗೆ ಹ್ಯಾಂಗ ನಡೀತದ?” ಎಂದು ಕೇಳಿ, ಟಬ್ಬನ್ನು ಬಳಸಿ ಬಾಗಿಲಿಗೆ ಹೋಗುತ್ತಾರೆ. ಮೆಟ್ಟಿಲಿಲ್ಲ, ಇಳಿಯಲು ಜಾಗವಿಲ್ಲ, ಮೇಲೆ ಆಕಾಶವಿಲ್ಲ. ಅದು ಎಂಥ ಹೊಳೆ?

ಅಂಬವ್ವ ಒಂಬತ್ತನೆಯ ದಿನಕ್ಕೆ ಕಾಯುವುದಿಲ್ಲ. ನೆಲದ ಮೇಲೆ ಕೂತಲ್ಲಿಂದಲೇ ಪ್ರಹ್ಲಾದ ಅವರಿಗೆ ಹೇಳುತ್ತಾರೆ. “ಸರ್, ಆಯಿ ದಿನಾ ಹೊಳಿಗೆ ಹೋಗಿ ಮನಿಗೆ ಬರತಾರ. ಪ್ರಫುಲ್ಲಾ ಬಾಯಾರು ಏಳು ತಿಂಗಳಿಂದ ದಂಡಿ ಮ್ಯಾಲ ನಿಂತಾರ್ರಿ. ಅವರನ್ನ ಯಾರೂ ಮನಿಗೆ ಬಾ ಅಂದಿಲ್ಲ.” ಆಮೇಲೆ ಸೇರಿಸುತ್ತಾರೆ: “ನಿಮ್ಮ ಬಾಗಲಾ ತಗದ್ರ ರಸ್ತಾ ಐತಿ. ನಮ್ಮಲ್ಲಿ ಹಿತ್ತಲ ಬಾಗಲಾ ತಗದ್ರ ನಾಕು ಮೆಟ್ಟಲಾ ಇಳದು ನೀರೈತಿ. ತರ್ರಿ.”

ಹಿಮಾಯತ್‌ನಗರದ ಆ ಹೋಮ್ ಹಿಂದೆ ಯಾರದೋ ಬಂಗಲೆಯಾಗಿತ್ತು. ಹಿತ್ತಲಲ್ಲಿ ಕಲ್ಲು ಕಟ್ಟಿದ ನೀರಿನ ತೊಟ್ಟಿ ಈಗಲೂ ಇದೆ. ನಾಲ್ಕು ಅಗಲವಾದ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿ, ಸುತ್ತಲೂ ಎತ್ತರದ ಗೋಡೆ. ಅಂಬವ್ವ ಅದರಲ್ಲಿ ಕಣಕಾಲು ಮುಳುಗುವಷ್ಟೇ ನೀರು ಬಿಡುತ್ತಾರೆ. ಪ್ರಹ್ಲಾದ ಎದ್ದು ಅಡುಗೆಮನೆಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಹೊರಗೆ ಬಂದಾಗ ಅವರ ಕೈಯಲ್ಲಿ ಅಳತೆಯ ಟೇಪು ಇತ್ತು.

ಮೇಷ್ಟರು ಸಾಗಿಸುವ ಕೆಲಸಕ್ಕೆ ನಿಂತ ಮೇಲೆ ಎಲ್ಲವೂ ಕರಾರುವಾಕ್ಕು. ಮಂಚದಿಂದ ಬಚ್ಚಲಿಗೆ ಎಷ್ಟು ಅಡಿ, ಗೋಡೆ ಯಾವ ಕಡೆ, ಏಳನೆಯ ಹೆಜ್ಜೆ ಎಲ್ಲಿ ಬೀಳುತ್ತದೆ, ಎಲ್ಲವನ್ನೂ ಗ್ರಾಫ್ ಹಾಳೆಯಲ್ಲಿ ಬರೆದು ಅಂಬವ್ವನವರಿಗೆ ಕೊಟ್ಟರು. ಅಂಬವ್ವನವರಿಗೆ ಓದಲು ಬರುವುದಿಲ್ಲ, ಆದರೂ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದೇ ಎಡವಟ್ಟೆಂದರೆ ಮೇಷ್ಟರು ಕೋಠಿಗೆ ಹೋಗಿ ತಾಯಿಗೆ ಹೊಸ ಚಾದರ, ಹೊಸ ಚಪ್ಪಲಿ, ಹೊಸ ಕಂಬಳಿ, ಹೊಸ ಸ್ಟೀಲ್ ಲೋಟ ಎಲ್ಲ ತಂದುಬಿಟ್ಟಿದ್ದರು. ಎಲ್ಲ ಮನೆಯವರೂ ಇದನ್ನೇ ಮಾಡುತ್ತಾರಂತೆ. ಮನಸ್ಸಿನ ಭಾರಕ್ಕೆ ಹೊಸದು ಕೊಳ್ಳುತ್ತಾರೆ. ಅಂಬವ್ವ ಎಲ್ಲವನ್ನೂ ವಾಪಸ್ ಕಳಿಸಿ ಹರಿದ ಕೌದಿ, ನೆಗ್ಗಿದ ಲೋಟ, ಬಿದಿರಿನ ಗಳು ಮತ್ತು ಕೋಲು ತರಲು ಹೇಳುತ್ತಾರೆ. ಆ ಗಳು ಆಟೋದಲ್ಲಿ ಹಿಡಿಸದೆ ಎರಡೂ ಕಡೆ ಮೂರು ಮೂರು ಅಡಿ ಹೊರಗೆ ಚಾಚಿಕೊಂಡು, ಹಿಂದಿನಿಂದ ಬರುವವರೆಲ್ಲ ಹಾರ್ನ್ ಹೊಡೆಯುತ್ತ, ಪ್ರಹ್ಲಾದ ಮೇಷ್ಟರು ಅದನ್ನು ತಬ್ಬಿಕೊಂಡು ಹಿಮಾಯತ್‌ನಗರಕ್ಕೆ ಬಂದ ದೃಶ್ಯವನ್ನು ನಾನು ಸದ್ಯಕ್ಕೆ ಮರೆಯಲಾರೆ.

ಹೋಮಿನ ಮೊದಲ ಬೆಳಗು. ಎಡಗಾಲು, ಗೋಡೆ, ಬಲಗಾಲು. ಹನ್ನೊಂದು ಹೆಜ್ಜೆ. ಏಳನೆಯದಕ್ಕೆ ಕಾಲು ಎತ್ತಿ ಇಡುತ್ತಾರೆ, ಇಲ್ಲದ ಹೊಸ್ತಿಲು ಅವರ ಜೊತೆ ಇಲ್ಲಿಗೂ ಬಂದಿದೆ. ಸ್ನಾನವಾಗುತ್ತದೆ. ಕೋಲು ಗಳುವಿಗೆ ಹೋಗಿ ಸೀರೆ ಇಳಿಸುತ್ತದೆ. ಹಿತ್ತಲ ಬಾಗಿಲು ತೆರೆದೇ ಇದೆ. ಆಕಾಶ ಬೂದಿ ಬಣ್ಣಕ್ಕೆ ತಿರುಗಿದೆ, ನೀರಿನಲ್ಲೂ ಅದೇ ಬಣ್ಣ. ಸುಂದರಾಬಾಯಿಯವರು ಒಂದೊಂದೇ ಮೆಟ್ಟಿಲು ಇಳಿದು ನೀರಿನಲ್ಲಿ ನಿಲ್ಲುತ್ತಾರೆ. “ಹೊಳಿ ಇಳದದಲ್ಲ ನೀಲಾ,” ಎನ್ನುತ್ತಾರೆ. ಮೇಲಿನ ಮೆಟ್ಟಿಲ ಮೇಲೆ ಅಂತರ ಬಿಟ್ಟು ನಿಂತ ಅಂಬವ್ವ, ಬೇಸಗಿ ಬಂತಲ್ಲ ಆಯಿ ಎಂದು ಉತ್ತರ ಕೊಡುತ್ತಾರೆ. ಬಿಂದಿಗೆ ತುಂಬುತ್ತದೆ. ಸುಂದರಾಬಾಯಿಯವರು ತಿರುಗಿ ಒಳಗೆ ಬರುತ್ತಾರೆ. ಅಳು ಇಲ್ಲ. ನನ್ನ ಕಣ್ಣು ಮಾತ್ರ ತುಂಬಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಿಸಿಲೇರಿದ ಮೇಲೆ ಪ್ರಫುಲ್ಲಾ ಬರುತ್ತಾರೆ. ಅತ್ತೆ ಶಾಂತವಾಗಿ ಕೂತು ಹೂಬತ್ತಿ ಹೊಸೆಯುವುದನ್ನು ಬಾಗಿಲಲ್ಲೇ ನಿಂತು ನೋಡುತ್ತಾರೆ. ರಾತ್ರಿ ನಿದ್ದೆ ಬಂತೇ ಎಂದು ಅಂಬವ್ವ ಕೇಳುತ್ತಾರೆ.

“ಬಂತು,” ಎನ್ನುತ್ತಾರೆ ಪ್ರಫುಲ್ಲಾ. “ನಾಕಕ್ಕ ಎಚ್ಚರಾತು. ಸೆರಗು ಜಗ್ಗಿಧಾಂಗಾತು, ಅತ್ಯಾರು ಎದ್ರು ಅಂತ ಧಡಕ್ಕನ ಎದ್ದು ಕೂತೆ. ನೋಡಿದ್ರ ಮಂಚದ ಕಾಲಿಗೆ ಕಟ್ಟೇನಿ. ಯಾವಾಗ ಕಟ್ಟಿದೆ ನನಗ ಗೊತ್ತಿಲ್ಲ.”

ಅಂಬವ್ವ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮಧ್ಯಾಹ್ನ ನಾನು ಹೊರಡುವ ಮುಂಚೆ, ಇಷ್ಟು ವರ್ಷ ದುಡಿದಿದ್ದೀರಿ, ನಿಮಗೇನಾದರೂ ಆಸೆ ಇದೆಯೇ ಎಂದು ಇಂಥ ಲೇಖನಗಳಲ್ಲಿ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. “ಗಿರಿಜಾಬಾಯಾರು ಇನ್ನ ಎಂಟು ಬೆಳಗು ನನಗ ಬಿಡವು ಕೊಡಬೇಕ್ರಿ,” ಎಂದರು. “ನಲವತ್ನಾಕು ಮನಿಯಿಂದ ಮಂದೀನ ಇಲ್ಲಿಗೆ ಕರಕೊಂಡ ಬಂದೀನಿ. ಬಂದವರ ಕಾಲು ನೋಡಿದೆ. ಮನ್ಯಾಗ ಉಳದವರನ್ನ ತಿರುಗಿ ನೋಡಲಿಲ್ಲ. ಯಾರ್ಯಾರ ಸೆರಗು ಎಲ್ಲೆಲ್ಲಿ ಕಟ್ಟೇ ಉಳದೈತೋ.”

ಬಿಡುವು ಸಿಕ್ಕಿದೆ. ಈಗ ದಿನಾ ನಾಲ್ಕೂವರೆಗೆ ಅಂಬವ್ವ ಮತ್ತೆ ನಾರಾಯಣಗೂಡದ ಅದೇ ಪಡಸಾಲೆಯ ಅದೇ ಗೋಡೆಗೆ ಒರಗಿ ಕೂರುತ್ತಾರೆ. ಅವರು ಹೊರಡುವ ಮುಂಚೆ ಸುಂದರಾಬಾಯಿಯವರ ಬಳಿ ಇನ್ನೊಬ್ಬ ಆಯಾ ಬಂದು ಮೇಲಿನ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ, ಅವರಿಗೆ ಅವಳೂ ನೀಲಾ. ನಾಲ್ಕನೆಯ ದಿನ ಗಲ್ಲಿಯ ತಿರುವಿನಲ್ಲಿ ಸಿಕ್ಕ ಅಂಬವ್ವ, ಗಂಟು ಇನ್ನೂ ಬಿಚ್ಚಿಲ್ಲ, ಆದರೆ ಸಡಿಲವಾಗಿದೆ ಎಂದರು. ಆಮೇಲೆ ಏನೋ ದೊಡ್ಡ ಸುದ್ದಿ ಹೇಳುವವರಂತೆ ದನಿ ತಗ್ಗಿಸಿದರು.

“ಪ್ರಫುಲ್ಲಾ ಬಾಯಾರು ಬಲಗಾಲು ಮೊದಲ ಇಡತಾರ್ರಿ. ಇಷ್ಟ ವರ್ಷ ಅದನ್ನ ಯಾರೂ ನೋಡಿದ್ದಿಲ್ಲ.”